ಚೆಂಡಿನ ಜಮಾ-ಖರ್ಚು: ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಟರ್ನೋವರ್ ಲೆಕ್ಕ ಇಡುವುದು ಹೇಗೆ

ನಾನು ಅಮೆರಿಕದ ಒಂದು ಹೈಸ್ಕೂಲ್ ಫುಟ್‌ಬಾಲ್ ತಂಡಕ್ಕೆ ಲೆಕ್ಕ ಬರೆದುಕೊಡುತ್ತೇನೆ. ಶುಕ್ರವಾರ ರಾತ್ರಿ ಮೈದಾನದ ಅಂಚಿನಲ್ಲಿ ನಿಂತು ಪ್ರತಿ ಆಟವನ್ನೂ ನೋಟ್‌ಬುಕ್ಕಿನಲ್ಲಿ ಗುರುತಿಸುವುದು, ಸೋಮವಾರ ಅದನ್ನು ಕೋಚ್ ಮುಂದೆ ಇಡುವುದು, ಇಷ್ಟೇ ನನ್ನ ಕೆಲಸ. ಮೊದಲ ವರ್ಷ ಚೆಂಡು ನೆಲಕ್ಕೆ ಬಿದ್ದಾಗಲೆಲ್ಲ ‘ಟರ್ನೋವರ್’ (ಚೆಂಡು ಎದುರಾಳಿಯ ಪಾಲಾದದ್ದು) ಎಂದು ಬರೆದಿದ್ದೆ. ಕೋಚ್ ಹಾಳೆ ನೋಡಿ, “ಬಿದ್ದದ್ದು ಬೇರೆ, ಹೋದದ್ದು ಬೇರೆ. ಎರಡನ್ನೂ ಬರೆಯಿರಿ, ಆದರೆ ಒಂದೇ ಮನೆಯಲ್ಲಿ ಬರೆಯಬೇಡಿ” ಎಂದರು. ಈ ಲೆಕ್ಕದ ಬಗ್ಗೆ ನಾನು ಕಲಿತದ್ದೆಲ್ಲ ಆ ಒಂದು ಮಾತಿನಿಂದ ಬೆಳೆದದ್ದು.

ಲೆಕ್ಕದ ನಿಯಮ ಸರಳ. ಎದುರಾಳಿಯಿಂದ ನಾವು ಪಡೆದ ಚೆಂಡು ಜಮೆ, ನಾವು ಕಳೆದುಕೊಂಡದ್ದು ಖರ್ಚು. ಜಮೆಯಿಂದ ಖರ್ಚು ಕಳೆದರೆ ಉಳಿಯುವುದೇ ಟರ್ನೋವರ್ ವ್ಯತ್ಯಾಸ. ಎರಡೂ ಕಡೆ ಸೇರುವುದು ಎರಡೇ ಬಗೆ: ಇಂಟರ್‌ಸೆಪ್ಷನ್ (ಎಸೆದ ಚೆಂಡನ್ನು ಎದುರಾಳಿ ಹಿಡಿಯುವುದು), ಮತ್ತು ಎದುರಾಳಿಯ ಕೈಸೇರಿದ ಫಂಬಲ್ (ಕೈಯಿಂದ ಜಾರಿ ಬಿದ್ದ ಚೆಂಡು). ನಾಲ್ಕನೆಯ, ಅಂದರೆ ಕೊನೆಯ ಡೌನ್‌ನಲ್ಲಿ (ಹತ್ತು ಯಾರ್ಡ್ ಮುಂದೆ ಸಾಗಲು ಸಿಗುವ ಪ್ರಯತ್ನ) ಬೇಕಾದ ಯಾರ್ಡ್ ಸಿಗದೆ ಚೆಂಡು ಬಿಟ್ಟುಕೊಟ್ಟರೆ ಅದು ಈ ಲೆಕ್ಕಕ್ಕೆ ಬರುವುದಿಲ್ಲ. ತಪ್ಪಿದ ಫೀಲ್ಡ್ ಗೋಲ್ (ಮೂರು ಅಂಕಕ್ಕಾಗಿ ಕಂಬಗಳ ನಡುವೆ ಒದೆಯುವುದು) ಕೂಡ ಬರುವುದಿಲ್ಲ. ಪಂಟ್ (ಎದುರಾಳಿಗೆ ಬಿಟ್ಟುಕೊಡಲು ದೂರಕ್ಕೆ ಒದ್ದ ಚೆಂಡು) ಹಿಡಿಯಲು ಹೋದವನು ಕೈಜಾರಿಸಿ ಅದು ಎದುರಾಳಿಗೆ ಸಿಕ್ಕರೆ ಮಾತ್ರ ಖಂಡಿತ ಬರುತ್ತದೆ. ಹೊಸಬರು ಬರೆಯಲು ಮರೆಯುವುದು ಇದನ್ನೇ.

ಒಂದು ಟರ್ನೋವರ್‌ಗೆ ಸುಮಾರು ನಾಲ್ಕು ಅಂಕದ ಬೆಲೆ ಎನ್ನುವುದು ಈ ಆಟದ ಲೆಕ್ಕಿಗರ ಹಳೆಯ ಅಂದಾಜು. ಅದನ್ನು ಹಿಡಿದು ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ 2011ರ ಸ್ಯಾನ್ ಫ್ರಾನ್ಸಿಸ್ಕೊ ಫೋರ್ಟಿನೈನರ್ಸ್ ತಂಡವನ್ನು ನೋಡಿ. ಹದಿನಾರು ಪಂದ್ಯಗಳಲ್ಲಿ 38 ಜಮೆ, ಖರ್ಚು ಬರೀ 10. ವ್ಯತ್ಯಾಸ 28. ನಾಲ್ಕರಿಂದ ಗುಣಿಸಿದರೆ 112 ಅಂಕ, ಅಂದರೆ ಪಂದ್ಯಕ್ಕೆ ಏಳು. ಆ ವರ್ಷ ಅವರು ಗಳಿಸಿದ್ದು 380 ಅಂಕ, ಬಿಟ್ಟುಕೊಟ್ಟದ್ದು 229, ಅಂತರ 151. ಅದರ ಬಹುಪಾಲು ಈ ಒಂದು ಲೆಕ್ಕದಿಂದಲೇ ಬಂದಿರಬೇಕು ಎಂದು ನನಗೆ ಅನಿಸುತ್ತದೆ. 13 ಗೆಲುವು, 3 ಸೋಲು.

ಅದೇ ತಂಡ 2012ರ ಜನವರಿಯಲ್ಲಿ ನ್ಯೂಯಾರ್ಕ್ ಜೈಂಟ್ಸ್ ಎದುರು ಎನ್‌ಎಫ್‌ಸಿ (ಲೀಗ್‌ನ ಎರಡು ಬಣಗಳಲ್ಲಿ ಒಂದು) ಫೈನಲ್ ಪಂದ್ಯವನ್ನು ಹೆಚ್ಚುವರಿ ಸಮಯದಲ್ಲಿ 20-17ರಿಂದ ಸೋತಿತು. ಇಡೀ ಪಂದ್ಯದಲ್ಲಿ ಟರ್ನೋವರ್ ಎರಡೇ, ಎರಡೂ ಪಂಟ್ ಹಿಡಿಯುವ ಜಾಗದಲ್ಲಿ. ಒಂದು ಸಲ ಚೆಂಡು ಆಟಗಾರನ ಮೊಣಕಾಲಿಗೆ ಸವರಿಕೊಂಡು ಹೋಯಿತು, ಅದರಿಂದ ಟಚ್‌ಡೌನ್ (ಗೋಲ್ ಗೆರೆ ದಾಟಿಸಿ ಪಡೆಯುವ ಆರು ಅಂಕ) ಬಂತು. ಇನ್ನೊಂದು ಸಲ ಓಡುವಾಗ ಕೈಯಿಂದ ಕಿತ್ತುಹೋಯಿತು, ಅದರಿಂದ ಗೆಲುವಿನ ಫೀಲ್ಡ್ ಗೋಲ್. ಇಡೀ ಋತುವಿನಲ್ಲಿ ಕೂಡಿಟ್ಟ ಜಮೆ ಆ ಸಂಜೆ ಅವರ ನೆರವಿಗೆ ಬರಲಿಲ್ಲ. ಈ ಖಾತೆಯಲ್ಲಿ ಹಿಂದಿನ ಬಾಕಿ ಮುಂದಿನ ಪಂದ್ಯಕ್ಕೆ ದಾಟುವುದಿಲ್ಲ.

ಆದ್ದರಿಂದ ಬರೀ ಮೊತ್ತ ಬರೆದರೆ ಸಾಲದು. ನನ್ನ ಪುಟದಲ್ಲಿ ಪ್ರತಿ ಘಟನೆಗೂ ಒಂದು ಸಾಲು ಇರುತ್ತದೆ: ಯಾವ ಕ್ವಾರ್ಟರ್, ಎಷ್ಟನೆಯ ಡೌನ್, ಯಾವ ಯಾರ್ಡ್ ಗೆರೆ, ಆಗಿನ ಸ್ಕೋರ್, ಚೆಂಡು ಯಾವ ಕೈಯಲ್ಲಿತ್ತು, ಕೊನೆಗೆ ಯಾರ ಪಾಲಾಯಿತು. ಯಾರ್ಡ್ ಗೆರೆಯನ್ನು ಎಂದಿಗೂ ಬಿಡಬೇಡಿ. ಅರ್ಧ ಮುಗಿಯುವ ಕೊನೆಯ ಸೆಕೆಂಡಿನಲ್ಲಿ ದೂರಕ್ಕೆ ಎಸೆದ ಚೆಂಡು ಎದುರಾಳಿಗೆ ಸಿಕ್ಕರೂ ಒಂದು ಇಂಟರ್‌ಸೆಪ್ಷನ್, ಗೋಲ್ ಗೆರೆಯ ಬಳಿ ಸಿಕ್ಕರೂ ಒಂದೇ. ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನಲ್ಲಿ, 2015ರ ಫೆಬ್ರವರಿಯಲ್ಲಿ, ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಎರಡು ಇಂಟರ್‌ಸೆಪ್ಷನ್ ಕೊಟ್ಟು ಒಂದನ್ನಷ್ಟೇ ಪಡೆದರು. ಲೆಕ್ಕದಲ್ಲಿ ಅವರು ಹಿಂದೆ. ಆದರೆ ಆ ಒಂದು ಸಿಕ್ಕಿದ್ದು ಸಿಯಾಟಲ್ ಸೀಹಾಕ್ಸ್ ಒಂದು ಯಾರ್ಡ್ ಗೆರೆಯಲ್ಲಿ ನಿಂತಿದ್ದಾಗ, ಪಂದ್ಯದ ಕೊನೆಯ ಅರ್ಧ ನಿಮಿಷದಲ್ಲಿ. ಪೇಟ್ರಿಯಟ್ಸ್ 28-24ರಿಂದ ಗೆದ್ದರು.

ಸ್ಕೋರ್ ಬರೆಯುವುದಕ್ಕೂ ಕಾರಣವಿದೆ. ಟರ್ನೋವರ್‌ನಿಂದ ಸೋಲು ಬರುತ್ತದೆ, ಸೋಲಿನಿಂದಲೂ ಟರ್ನೋವರ್ ಬರುತ್ತದೆ. ಎರಡು ಟಚ್‌ಡೌನ್ ಹಿಂದಿರುವ ತಂಡ ಓಟ ಬಿಟ್ಟು ಎಸೆತಕ್ಕೆ ಇಳಿಯುತ್ತದೆ, ಸಿಗಲಾರದ ಕಡೆಗೂ ಎಸೆಯುತ್ತದೆ, ಗೆಲ್ಲುತ್ತಿರುವ ತಂಡಕ್ಕೆ ಸಲೀಸಾಗಿ ಜಮೆ ಸಿಗುತ್ತದೆ. ಹಾಗಾಗಿ ಸ್ಕೋರಿನ ಅಂತರ ಎಂಟು ಅಂಕದೊಳಗಿದ್ದಾಗ ಆದ ಟರ್ನೋವರ್‌ಗಳ ಸುತ್ತ ನಾನು ವೃತ್ತ ಹಾಕುತ್ತೇನೆ. ಋತುವಿನ ಮಧ್ಯದಲ್ಲಿ ಕೋಚ್ ಎಣಿಸುವುದು ಆ ವೃತ್ತಗಳನ್ನೇ.

ಇನ್ನು ಬಿದ್ದ ಚೆಂಡಿನ ಪ್ರತ್ಯೇಕ ಮನೆ. ಇದರ ಬೆಲೆ ನನಗೆ ತಿಳಿದದ್ದು ಚೆಂಡು ಹಿಡಿದು ಓಡುವ ನಮ್ಮ ಒಬ್ಬ ರನ್ನಿಂಗ್ ಬ್ಯಾಕ್ ಹುಡುಗನಿಂದ. ಆರು ಪಂದ್ಯ ಮುಗಿದಾಗ ಅವನ ಹೆಸರಿನಲ್ಲಿ ಒಂದೇ ಟರ್ನೋವರ್ ಇತ್ತು, ಎಲ್ಲರೂ ನೆಮ್ಮದಿಯಾಗಿದ್ದರು. ಆದರೆ ಚೆಂಡು ಅವನ ಕೈಯಿಂದ ಐದು ಸಲ ಬಿದ್ದಿತ್ತು. ನಾಲ್ಕು ಸಲ ನಮ್ಮವರೇ ಅದರ ಮೇಲೆ ಬಿದ್ದು ಉಳಿಸಿದ್ದರು. ಉದ್ದನೆಯ, ಎರಡು ತುದಿ ಚೂಪಾದ ಆ ಚೆಂಡು ಯಾವ ಕಡೆ ಪುಟಿಯುತ್ತದೆ ಎಂದು ಹೇಳಲಾಗದು. ಬಿದ್ದ ಮೇಲೆ ಯಾರಿಗೆ ಸಿಗುತ್ತದೆ ಎನ್ನುವುದು ಹೆಚ್ಚುಕಡಿಮೆ ನಾಣ್ಯ ಚಿಮ್ಮಿದಂತೆ. ಐದರಲ್ಲಿ ನಾಲ್ಕು ಉಳಿದದ್ದು ಅದೃಷ್ಟ. ‘ಯಾವ ಕೈ’ ಎಂಬ ಮನೆ ನೋಡಿದರೆ ಐದೂ ಸಲ ಅವನು ಎಡಕ್ಕೆ ಓಡುತ್ತಿದ್ದ, ಚೆಂಡು ಬಲಗೈಯಲ್ಲೇ ಇತ್ತು, ಅಂದರೆ ಹಿಡಿಯಲು ಬರುವವರ ಕಡೆಗೇ. ಮೂರು ವಾರ ಅವನಿಗೆ ಬೇರೆ ಪಾಠವೇ ಇರಲಿಲ್ಲ: ಎಡಕ್ಕೆ ತಿರುಗಿದರೆ ಚೆಂಡು ಎಡಗೈಗೆ. ಚೆಂಡಿನ ತುದಿಯ ಮೇಲೆ ಬೆರಳು, ಅಂಗೈ, ಮುಂಗೈ, ತೋಳು, ಎದೆ, ಐದೂ ಕಡೆ ಚೆಂಡು ತಾಗಿರಬೇಕು. ಗುಂಪಿನೊಳಗೆ ನುಗ್ಗುವಾಗ ಇನ್ನೊಂದು ಕೈ ಮೇಲೆ ಮುಚ್ಚಬೇಕು.

ಈ ಪಾಠ ಬೆಳೆದ ಆಟಗಾರರಿಗೂ ಹಿಡಿಯುತ್ತದೆ. ನ್ಯೂಯಾರ್ಕ್ ಜೈಂಟ್ಸ್‌ನ ಟಿಕಿ ಬಾರ್ಬರ್ 2003ರಲ್ಲಿ ಒಂಬತ್ತು ಸಲ ಚೆಂಡು ಬೀಳಿಸಿದ್ದರು. 2004ರಲ್ಲಿ ಬಂದ ಕೋಚ್ ಟಾಮ್ ಕಾಫ್ಲಿನ್ ಚೆಂಡನ್ನು ಎದೆಯ ಎತ್ತರಕ್ಕೆ ಬಿಗಿಯಾಗಿ ಒತ್ತಿ ಹಿಡಿಯುವುದನ್ನು ರೂಢಿ ಮಾಡಿಸಿದರು. 2005ರಲ್ಲಿ ಬಾರ್ಬರ್ 1,860 ಯಾರ್ಡ್ ಓಡಿದರು, ಚೆಂಡು ಬಿದ್ದದ್ದು ಒಂದೇ ಸಲ. ರಕ್ಷಣೆಯ ಕಡೆ ನೋಡುವುದಾದರೆ ಶಿಕಾಗೊ ಬೇರ್ಸ್‌ನಲ್ಲಿ ಚಾರ್ಲ್ಸ್ ಟಿಲ್‌ಮನ್ ಇದ್ದರು. ಎದುರಾಳಿಯನ್ನು ಹಿಡಿಯುತ್ತಲೇ ಚೆಂಡಿಗೆ ಗುದ್ದುವುದು ಅವರ ವರಸೆಯಾಗಿತ್ತು. 2012ರ ಒಂದೇ ಋತುವಿನಲ್ಲಿ ಹತ್ತು ಫಂಬಲ್ ಮಾಡಿಸಿದರು. ನಿಮ್ಮ ಪುಸ್ತಕದಲ್ಲಿ ‘ಚೆಂಡಿಗೆ ಗುದ್ದಿದ ಸಲ’ ಎಂದು ಒಂದು ಮನೆ ಮಾಡಿ. ಚೆಂಡು ಬೀಳದಿದ್ದರೂ ಬರೆಯಿರಿ. ಸಿಗುವುದು ನಮ್ಮ ಕೈಯಲ್ಲಿಲ್ಲ, ಗುದ್ದುವುದು ಇದೆ.

ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ಪುಟ ಬೇರೆ. ಟ್ಯಾಂಪಾ ಬೇ ಬಕನೀರ್ಸ್ 2019ರಲ್ಲಿ 41 ಸಲ ಚೆಂಡು ಕಳೆದುಕೊಂಡರು, ಅದರಲ್ಲಿ 30 ಇಂಟರ್‌ಸೆಪ್ಷನ್, ಎಲ್ಲವೂ ಒಬ್ಬನೇ ಎಸೆಗಾರನವು. ಅವನು 33 ಟಚ್‌ಡೌನ್ ಎಸೆದಿದ್ದರೂ ತಂಡ 7-9ಕ್ಕೆ (7 ಗೆಲುವು, 9 ಸೋಲು) ನಿಂತಿತು. ಮರುವರ್ಷ ಟಾಮ್ ಬ್ರೇಡಿ ಬಂದರು, 12 ಇಂಟರ್‌ಸೆಪ್ಷನ್ ಕೊಟ್ಟರು, ತಂಡ 11-5 ಆಗಿ ಸೂಪರ್ ಬೌಲ್ ಗೆದ್ದಿತು. ಆ ಕೊನೆಯ ಪಂದ್ಯದಲ್ಲಿ ಅವರ ಖರ್ಚು ಸೊನ್ನೆ.

ಹೈಸ್ಕೂಲ್ ಹುಡುಗನಿಗೆ ‘ಇಂಟರ್‌ಸೆಪ್ಷನ್ ಕೊಡಬೇಡ’ ಎಂದರೆ ಅವನು ಎಸೆಯಲೇ ಹೆದರುತ್ತಾನೆ, ಚೆಂಡು ಹಿಡಿದುಕೊಂಡೇ ನಿಂತು ಪೆಟ್ಟು ತಿಂದು ಬೀಳಿಸುತ್ತಾನೆ. ಅದಕ್ಕಾಗಿ ಅವನ ಪುಟದಲ್ಲಿ ‘ಬೇಕೆಂದೇ ಹೊರಗೆಸೆದದ್ದು’ ಎಂಬ ಮನೆಯನ್ನು ಹಸಿರು ಶಾಯಿಯಲ್ಲಿ ತುಂಬುತ್ತೇನೆ. ಯಾರೂ ಬಿಡುವಾಗಿ ಸಿಗದಿದ್ದಾಗ ನಿಯಮದೊಳಗೆ ಗೆರೆಯಾಚೆಗೆ ಎಸೆದು ಮುಂದಿನ ಡೌನ್‌ಗೆ ನಡೆದರೆ ಅವನಿಗೆ ಒಂದು ಹಸಿರು ಗೀಟು. ಮೊದಮೊದಲು ಆ ಮನೆ ಪಂದ್ಯಕ್ಕೆ ಒಂದು ಗೀಟಿಗೆ ನಿಲ್ಲುತ್ತಿತ್ತು. ಈಗ ಸೋಮವಾರ ನಾನು ಪುಸ್ತಕ ತೆರೆಯುವ ಮೊದಲೇ ಅವನು ಬಂದು, ಯಾರ್ಡ್ ಎಷ್ಟಾಯಿತೆಂದು ಕೇಳುವ ಮುಂಚೆ ಹಸಿರು ಎಷ್ಟು ಎಂದು ಕೇಳುತ್ತಾನೆ.