ಮೊಲಕ್ಕೆ ಬೂಸಾ ಹಾಕಿ ಅಂದರೆ ಡಾಕ್ಟರನ್ನು ಏನು ಕೇಳಬೇಕು?

ಹಾಸನ, ಚಿಕ್ಕಮಗಳೂರು ಕಡೆಯ ಪಶುವೈದ್ಯರ ಮುಂದೆ ದಿನಬೆಳಗಾದರೆ ಬಂದು ನಿಲ್ಲುವುದು ಹಸು, ಎಮ್ಮೆ, ಕುರಿ, ನಾಯಿ. ಮೊಲ, ಗಿನಿಪಿಗ್, ಬಡ್ಜಿ, ಕಾಕಟೀಲ್‌ನಂಥ ಸಾಕುಗಿಳಿಗಳು ಬರುವುದು ಅಪರೂಪ. ಹಾಗಾಗಿ ಜಾನುವಾರಿನ ಮೇವಿನ ಲೆಕ್ಕವೇ ಕೆಲವೊಮ್ಮೆ ಮೊಲಕ್ಕೂ ಅನ್ವಯವಾಗಿಬಿಡುತ್ತದೆ: ‘ಸ್ವಲ್ಪ ಬೂಸಾ, ಸ್ವಲ್ಪ ಹಿಂಡಿ ಹಾಕಿ’. ಅನುಮಾನ ಬಂದವರಲ್ಲಿ ಕೆಲವರು ತಲೆಯಾಡಿಸಿ ಮನೆಗೆ ಬಂದು ತಮಗೆ ತೋಚಿದ್ದನ್ನು ಹಾಕುತ್ತಾರೆ. ಇನ್ನು ಕೆಲವರು ಮೊಬೈಲಿನಲ್ಲಿ ವಿಡಿಯೊ ತೋರಿಸಿ ವಾದಕ್ಕಿಳಿಯುತ್ತಾರೆ. ಹೊಟ್ಟೆ ಕೆಡುವುದು ಮಾತ್ರ ಪ್ರಾಣಿಯದು.

ಮೊದಲು ತೂಕ, ಆಮೇಲೆ ಪ್ರಶ್ನೆ

ಹೆಚ್ಚಿನವರು ಎಡವುವುದು ಇಲ್ಲೇ. ‘ಏನು ತಿನ್ನುತ್ತೆ?’ ಎಂದು ಕೇಳಿದರೆ ‘ಎಲ್ಲಾ ತಿನ್ನುತ್ತೆ ಸಾರ್’ ಎನ್ನುತ್ತಾರೆ. ಅಷ್ಟರ ಮೇಲೆ ಎಂಥ ವೈದ್ಯರಾದರೂ ಅಂದಾಜಿನಲ್ಲೇ ಹೇಳಬೇಕು. ಗ್ರಾಂ ಲೆಕ್ಕ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಒಂದನ್ನು ಇಟ್ಟುಕೊಳ್ಳಿ. ಸ್ಪ್ರಿಂಗ್ ತಕ್ಕಡಿ ಬೇಡವೇ ಬೇಡ. ಬಡ್ಜಿಯ ಒಟ್ಟು ತೂಕವೇ 30–40 ಗ್ರಾಂ, ಅದರಲ್ಲಿ 3–4 ಗ್ರಾಂ ಇಳಿದರೂ ಗಾಬರಿಪಡಬೇಕಾದ ವಿಷಯ.

ಮೂರು ದಿನ ಬೆಳಿಗ್ಗೆ ಒಂದೇ ಹೊತ್ತಿಗೆ, ಆಹಾರ ಹಾಕುವ ಮೊದಲು, ಪ್ರಾಣಿಯನ್ನು ಅದೇ ಡಬ್ಬಿಯಲ್ಲಿಟ್ಟು ತೂಗಿ. ಹಾಕಿದ್ದನ್ನು ತೂಗಿ, ಮರುದಿನ ಉಳಿದದ್ದನ್ನು, ಗೂಡಿನ ತಳದಲ್ಲಿ ಚೆಲ್ಲಿದ್ದನ್ನೂ ಸೇರಿಸಿ, ತೂಗಿ. ಹಕ್ಕಿಯ ಬಟ್ಟಲು ಮೋಸ ಮಾಡುತ್ತದೆ. ನವಣೆಯ ತಿರುಳು ತಿಂದು ಹೊಟ್ಟನ್ನು ಅಲ್ಲೇ ಬಿಡುವುದರಿಂದ ಬಟ್ಟಲು ತುಂಬಿದಂತೆಯೇ ಕಾಣುತ್ತದೆ, ಹಕ್ಕಿ ಹಸಿದು ಕೂತಿರುತ್ತದೆ. ಹೊಟ್ಟು ಊದಿ ಹಾರಿಸಿದ ಮೇಲೇ ತೂಗಬೇಕು. ಮೊಲಕ್ಕಾದರೆ ಹುಲ್ಲು, ಪೆಲೆಟ್ (ಒತ್ತಿ ಮಾಡಿದ ಗುಳಿಗೆಯಂಥ ಮೇವು), ಸೊಪ್ಪು ಮೂರನ್ನೂ ಬೇರೆ ಬೇರೆ ಬರೆಯಿರಿ. ಮಕ್ಕಳು ಕೊಟ್ಟ ಬಿಸ್ಕತ್ತು, ಅಜ್ಜಿ ಕೊಟ್ಟ ಚಪಾತಿ ಚೂರೂ ಪಟ್ಟಿಯಲ್ಲಿರಲಿ.

ಹಿಕ್ಕೆಯ ಫೋಟೊ ತೆಗೆಯಿರಿ. ದ್ರಾಕ್ಷಿ ಗೊಂಚಲಿನಂಥ ಮೆತ್ತನೆಯ ಹಿಕ್ಕೆಯನ್ನು ಮೊಲ ತಾನೇ ತಿಂದುಬಿಡಬೇಕು. ಅದು ಗೂಡಿನಲ್ಲಿ ಬಿದ್ದಿದ್ದರೆ ಪೆಲೆಟ್ ಅಥವಾ ಸಿಹಿ ಹೆಚ್ಚಾಗಿದೆಯೇ ಎಂದು ಮೊದಲು ನೋಡಿ. ಪೆಲೆಟ್ ಪೊಟ್ಟಣದ ಹಿಂಬದಿಯ ಫೋಟೊವೂ ಬೇಕು. ನಾರಿನಂಶ ಶೇ 18ಕ್ಕಿಂತ ಕಡಿಮೆ ಇದ್ದರೆ ಕೊಳ್ಳಬೇಡಿ. ಬಣ್ಣಬಣ್ಣದ ಕಾಳು ಬೆರೆಸಿದ ಪೊಟ್ಟಣಗಳನ್ನಂತೂ ಮುಟ್ಟಬೇಡಿ. ಮೊಲ ಸಿಹಿಯದನ್ನಷ್ಟೇ ಆರಿಸಿ ತಿಂದು ಉಳಿದದ್ದನ್ನು ಬಿಡುತ್ತದೆ.

ಕೇಳುವ ಬಗೆ

‘ಇದು ಸರಿನಾ?’ ಎಂದರೆ ‘ಹ್ಞೂಂ’ ಎಂಬ ಉತ್ತರವಷ್ಟೇ ಸಿಗುತ್ತದೆ. ಅಂಕಿ ಮುಂದಿಡಿ: ‘ಸಾರ್, ತೂಕ 1 ಕೆ.ಜಿ. 600 ಗ್ರಾಂ ಇದೆ. ದಿನಕ್ಕೆ 80 ಗ್ರಾಂ ಪೆಲೆಟ್ ತಿಂತಿದೆ, ಹುಲ್ಲು ಮುಟ್ಟೋದೇ ಇಲ್ಲ. ಇದರ ಮೇಲೆ ಬೂಸಾನೂ ಬೇಕಾ, ಪೆಲೆಟ್ ಎಷ್ಟಕ್ಕೆ ಇಳಿಸಲಿ?’ ಹೇಳಿದ್ದು ಕಾಯಿಲೆ ಗುಣವಾಗುವವರೆಗೋ, ಯಾವತ್ತಿಗೂ ಇದೇನಾ ಎಂಬುದನ್ನು ಕೇಳಿ. ದಿನಕ್ಕೆ ಎಷ್ಟು ಗ್ರಾಂ, ಅದಕ್ಕೆ ಬದಲು ಯಾವುದನ್ನು ಕಡಿಮೆ ಮಾಡಬೇಕು ಎಂದೂ ಕೇಳಿ. ಎಷ್ಟು ದಿನದಲ್ಲಿ ಏನು ಬದಲಾಗಬೇಕು, ಆಗದಿದ್ದರೆ ಯಾವಾಗ ಬರಬೇಕು ಎಂಬುದನ್ನು ಚೀಟಿಯಲ್ಲೇ ಬರೆಸಿಕೊಳ್ಳಿ.

ಯಾವ ಮಾತಿಗೆ ಮತ್ತೆ ಕೇಳಬೇಕು

ಹಸುವಿಗೆ ಮೇವಿನ ಹುದುಗುವಿಕೆ ನಡೆಯುವುದು ಮುಂದಿನ ಹೊಟ್ಟೆಯಲ್ಲಿ, ಮೊಲಕ್ಕೆ ಹಿಂದಿನ ಕುರುಡುಕರುಳಿನಲ್ಲಿ, ಅಂದರೆ ದೊಡ್ಡ ಕರುಳು ಶುರುವಾಗುವಲ್ಲಿನ ಚೀಲದಲ್ಲಿ. ಅಲ್ಲಿಗೆ ಪಿಷ್ಟ ಹೆಚ್ಚಾಗಿ ಹೋದರೆ ಸೂಕ್ಷ್ಮಜೀವಿಗಳ ಸಮತೋಲನ ತಪ್ಪಿ ಹೊಟ್ಟೆ ಕೆಡುತ್ತದೆ. ಬೆಳೆದ ಮೊಲದ ಊಟದಲ್ಲಿ ಶೇ 80ರಷ್ಟು ಹುಲ್ಲೇ ಇರಬೇಕು, ಪೆಲೆಟ್ ಕೆ.ಜಿ. ತೂಕಕ್ಕೆ ಸುಮಾರು 25 ಗ್ರಾಂ ಸಾಕು. ಬೆಳೆಯುತ್ತಲೇ ಇರುವ ಹಲ್ಲು ಸವೆಯಲೂ ಹುಲ್ಲೇ ಬೇಕು. ಭತ್ತದ ಹುಲ್ಲಿನಲ್ಲಿ ಸತ್ವ ಕಡಿಮೆ, ಅದೊಂದನ್ನೇ ನೆಚ್ಚಬೇಡಿ. ಗರಿಕೆ ಒಳ್ಳೆಯದು, ಆದರೆ ಕಳೆನಾಶಕ ಹೊಡೆದ ಕಾಫಿ ತೋಟದ ಅಂಚಿನದು ಬೇಡ.

ಗಿನಿಪಿಗ್ ದೇಹ ವಿಟಮಿನ್ ಸಿ ತಯಾರಿಸುವುದಿಲ್ಲ. ಕೆ.ಜಿ.ಗೆ ದಿನಕ್ಕೆ 10–30 ಮಿ.ಗ್ರಾಂ ಬೇಕು. ಮೊಲದ ಪೆಲೆಟ್ ಸಾಕೆಂದರೆ ಇದನ್ನು ಕೇಳಿ. ಕುಡಿಯುವ ನೀರಿಗೆ ವಿಟಮಿನ್ ಹನಿ ಹಾಕುವುದು ದಂಡ, ಬೇಗ ಕೆಡುತ್ತದೆ. ದೊಣ್ಣೆಮೆಣಸಿನಕಾಯಿ ಕೊಡುವುದು ವಾಸಿ.

‘ಹಕ್ಕಿಗೆ ಯಾವ ಹಣ್ಣಾದರೂ ಕೊಡಿ’ ಎಂದರೆ ಸುಮ್ಮನಿರಬೇಡಿ. ಚಿಕ್ಕಮಗಳೂರಿನ ತೋಟಗಳಲ್ಲಿ ಸಿಗುವ ಬೆಣ್ಣೆಹಣ್ಣು (ಅವಕಾಡೊ) ಬಡ್ಜಿ, ಕಾಕಟೀಲ್‌ಗಳಿಗೆ ವಿಷ, ಮೊಲಕ್ಕೂ ಕೂಡದು. ಬರೀ ನವಣೆ ಸಾಕೆಂಬ ಮಾತನ್ನೂ ಒಪ್ಪಬೇಡಿ, ವಿಟಮಿನ್ ಎ ಕೊರತೆಯಾಗುತ್ತದೆ.

ಆಹಾರದ ವಿಷಯವಲ್ಲದಿದ್ದರೂ ಒಂದು ಮಾತು. ಮೊಲಕ್ಕೋ ಗಿನಿಪಿಗ್‌ಗೋ ಬಾಯಿಂದ ಕೊಡಲು ಅಮಾಕ್ಸಿಸಿಲಿನ್ ಎಂಬ ಆ್ಯಂಟಿಬಯಾಟಿಕ್ ಬರೆದಿದ್ದರೆ ಅಲ್ಲೇ ನಿಂತು ಕೇಳಿ. ಕರುಳಿನ ಒಳ್ಳೆಯ ಜೀವಿಗಳು ಸತ್ತು ಪ್ರಾಣಕ್ಕೇ ಕುತ್ತು ಬರುತ್ತದೆ. ಇನ್ನು ಮೊಲ 12 ಗಂಟೆ ಏನೂ ತಿನ್ನದಿದ್ದರೆ ಪಟ್ಟಿ, ತಕ್ಕಡಿ ಎಂದು ಕೂರಬೇಡಿ, ಹೊರಡಿ.

ಒಪ್ಪಿಗೆಯಾಗದಿದ್ದರೆ

ಹಾಸನದ ಪಶುವೈದ್ಯಕೀಯ ಕಾಲೇಜಿಗೋ ಬೆಂಗಳೂರಿನ ಹೆಬ್ಬಾಳದ ಕಾಲೇಜಿಗೋ ಅದೇ ಪಟ್ಟಿ ಒಯ್ಯಿರಿ. ಮೊಲ, ಹಕ್ಕಿ ನೋಡುವವರು ಯಾವ ದಿನ ಇರುತ್ತಾರೆಂದು ಮೊದಲೇ ಫೋನ್ ಮಾಡಿ. ಅಲ್ಲಿ ಬೇರೆ ಹೇಳಿದರೆ ಮೊದಲ ವೈದ್ಯರಿಗೂ ತಿಳಿಸಿ, ಅವರು ಕೊಟ್ಟ ಔಷಧಿಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಆಹಾರ ಬದಲಿಸುವಾಗ ಆತುರ ಬೇಡ. ಮೊಲಕ್ಕೆ 7–10 ದಿನ, ಕಾಳಿನಿಂದ ಪೆಲೆಟ್‌ಗೆ ಹೋಗುವ ಹಕ್ಕಿಗೆ ಕೆಲವು ವಾರ ಹಿಡಿಯುತ್ತದೆ. ಹಕ್ಕಿಯನ್ನು ದಿನವೂ ತೂಗಿ, ಶೇ 10ರಷ್ಟು ಇಳಿದರೆ ಹಳೆಯ ಕಾಳನ್ನೇ ಹಾಕಿ ಫೋನ್ ಮಾಡಿ. ಮಳೆಗಾಲದಲ್ಲಿ ಒಣಹುಲ್ಲನ್ನು ನೆಲದಿಂದ ಎತ್ತರಕ್ಕೆ ಗಾಳಿಯಾಡುವ ಚೀಲದಲ್ಲಿಡಿ. ಬೂಸ್ಟಿನ ವಾಸನೆ ಬಂದರೆ ಬಿಸಿಲಿಗೆ ಒಣಗಿಸಿ ಮತ್ತೆ ಹಾಕುವುದು ಬೇಡ, ಗೊಬ್ಬರದ ಗುಂಡಿಗೆ ಹಾಕಿ.