ನಕ್ಷತ್ರ ಆಮೇಲೆ, ಮೊದಲು ದಾರಿ ಹಾಕಿ

ನಾನು ಮಾಡಿದ ಮೊದಲ ಬಾಹ್ಯಾಕಾಶ ಸ್ಟ್ರಾಟಜಿ ಗೇಮಿನಲ್ಲಿ 1000 ನಕ್ಷತ್ರಗಳಿದ್ದವು. ಪ್ರತಿಯೊಂದಕ್ಕೂ ಹೆಸರು, ಬಣ್ಣ, ಸುತ್ತ ತಿರುಗುವ ಗ್ರಹಗಳು. ನೋಡಲು ಚೆಂದ. ಆಡಲು ಕೂತ ತಂಗಿ 20 ನಿಮಿಷಕ್ಕೇ ಕೇಳಿದಳು: "ಅಣ್ಣಾ, ಈ ಕಡೆ ಹೋದ್ರೂ ಆ ಕಡೆ ಹೋದ್ರೂ ಎಲ್ಲ ಒಂದೇ ಅಲ್ವಾ?"

ಅವಳು ಹೇಳಿದ್ದು ಸರಿಯೇ. ಹಡಗು ಎಲ್ಲಿಂದ ಎಲ್ಲಿಗೆ ಬೇಕಾದರೂ ನೇರವಾಗಿ ಹಾರುತ್ತಿತ್ತು. ಆನೆ ನಡೆದದ್ದೇ ದಾರಿ. ಹಾಗಾಗಿ ಯಾವ ಜಾಗಕ್ಕೂ ಬೆಲೆ ಇರಲಿಲ್ಲ.

ನೆಲದ ಮೇಲಿನ ಯುದ್ಧದ ಆಟಗಳಲ್ಲಿ ಬೆಟ್ಟ, ನದಿ, ಕಣಿವೆ ಪುಕ್ಕಟೆ ಸಿಗುತ್ತವೆ. ಬಾಹ್ಯಾಕಾಶ ಬರೀ ಬಯಲು. ಅಲ್ಲಿ ಅಡ್ಡಿಗಳನ್ನು ನಾವೇ ತಂದಿಡಬೇಕು. ಸ್ಟೆಲ್ಲಾರಿಸ್ ಎಂಬ ಬಾಹ್ಯಾಕಾಶ ಗೇಮ್ 2016ರಲ್ಲಿ ಬಂದಾಗ ಓಡಾಟಕ್ಕೆ ಮೂರು ಬಗೆ ಇತ್ತು: ವಾರ್ಪ್ (ನೇರ ಹಾರಾಟ), ವರ್ಮ್‌ಹೋಲ್ (ನಿಲ್ದಾಣ ಕಟ್ಟಿ ಅಲ್ಲಿಂದ ಜಿಗಿತ), ಹೈಪರ್‌ಲೇನ್ (ನಕ್ಷತ್ರಗಳ ನಡುವೆ ಮೊದಲೇ ಹಾಕಿಟ್ಟ ದಾರಿಗಳಲ್ಲಿ ಮಾತ್ರ ಓಡಾಟ). 2018ರ 2.0 ಆವೃತ್ತಿಯಲ್ಲಿ ಎಲ್ಲರೂ ಹೈಪರ್‌ಲೇನ್‌ನಿಂದಲೇ ಶುರು ಮಾಡಬೇಕಾಯಿತು. ಆಗ ತುಂಬಾ ಆಟಗಾರರು ಸಿಟ್ಟಾದರು. ನನಗೆ ಮಾತ್ರ ಆ ಬದಲಾವಣೆ ಇಷ್ಟ. ದಾರಿ ಗೊತ್ತಿದ್ದರೆ ಕೋಟೆ ಎಲ್ಲಿ ಕಟ್ಟಬೇಕು ಅನ್ನುವುದೂ ಗೊತ್ತಾಗುತ್ತದೆ.

ಕೋಡ್ ಬರೆಯುವ ಮುಂಚೆ ಒಂದು ಚಾರ್ಟ್ ಶೀಟ್ ತೆಗೆದುಕೊಳ್ಳಿ. ನಾನು ಹಳೇ ಶರ್ಟುಗಳ 40 ಗುಂಡಿ ಕಿತ್ತು ಹರಡಿದೆ. ಒಂದು ಗುಂಡಿ ಒಂದು ನಕ್ಷತ್ರ. ಹತ್ತಿರದವುಗಳ ನಡುವೆ ದಾರ ಎಳೆಯಿರಿ. ಮೊದಲು ಎಲ್ಲ ಗುಂಡಿಗಳೂ ಸೇರುವಷ್ಟು ಮಾತ್ರ, ಅಂದರೆ 39 ದಾರ. ಈಗ ಸುತ್ತು ಹೊಡೆದು ಬರುವ ದಾರಿ ಎಲ್ಲೂ ಇಲ್ಲ. ಒಬ್ಬ ಮಧ್ಯದಲ್ಲಿ ಕೂತರೆ ಅರ್ಧ ಗ್ಯಾಲಕ್ಸಿ ಬಂದ್. ಹಾಗಾಗಿ ಇನ್ನೊಂದು 15 ದಾರ ಸೇರಿಸಿ. ಒಟ್ಟು 54. ಒಂದು ನಕ್ಷತ್ರಕ್ಕೆ ಸರಾಸರಿ 2.7 ದಾರಿ. ನನ್ನ ಅನುಭವದಲ್ಲಿ 2.5ರಿಂದ 3ರ ನಡುವೆ ಇದ್ದರೆ ಆಟ ಚೆನ್ನಾಗಿ ಓಡುತ್ತದೆ. 4 ದಾಟಿದರೆ ಮತ್ತೆ ಬಯಲೇ. ಇದನ್ನೇ ಕೋಡಿನಲ್ಲಿ ಮಾಡುವುದಾದರೆ ಡೆಲೋನೆ ತ್ರಿಕೋನ ಜಾಲ (ಅಕ್ಕಪಕ್ಕದ ಚುಕ್ಕಿಗಳನ್ನು ತ್ರಿಕೋನಗಳಾಗಿ ಜೋಡಿಸುವ ವಿಧಾನ) ಹಾಕಿ, ಅದರಿಂದ ಮಿನಿಮಮ್ ಸ್ಪ್ಯಾನಿಂಗ್ ಟ್ರೀ (ಎಲ್ಲ ಚುಕ್ಕಿಗಳನ್ನೂ ಅತಿ ಕಡಿಮೆ ಒಟ್ಟು ಉದ್ದದಲ್ಲಿ ಸೇರಿಸುವ ಗೆರೆಗಳು) ತೆಗೆದು, ಬಿಟ್ಟುಹೋದ ಗೆರೆಗಳಲ್ಲಿ ಕೆಲವನ್ನು ವಾಪಸ್ ಸೇರಿಸಿ. ಡೆಲೋನೆಯಿಂದ ಬಂದ ಗೆರೆಗಳು ಒಂದನ್ನೊಂದು ಕತ್ತರಿಸುವುದಿಲ್ಲ. ಹಾಗಾಗಿ ನಕ್ಷೆ ಗೋಜಲಾಗುವುದಿಲ್ಲ.

ಇನ್ನು ಯುದ್ಧ. ಇಲ್ಲಿ ಲೆಕ್ಕವೇ ನಿಮ್ಮ ಶತ್ರು. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರೆಡರಿಕ್ ಲ್ಯಾಂಚೆಸ್ಟರ್ ಎಂಬ ಇಂಗ್ಲಿಷ್ ಎಂಜಿನಿಯರ್ ಒಂದು ಸೂತ್ರ ಕೊಟ್ಟರು. ದೂರದಿಂದ ಗುಂಡು ಹಾರಿಸುವ ಕಾಳಗದಲ್ಲಿ ಪಡೆಯ ಬಲ ಅದರ ಸಂಖ್ಯೆಯ ವರ್ಗದಷ್ಟು. ನಿಮ್ಮ ಬಳಿ 10 ಹಡಗು, ನನ್ನ ಬಳಿಯೂ ಅಂಥವೇ 10. ನಾನು ಜಾಣತನ ತೋರಿಸಲು ಹೋಗಿ ಐದೈದಾಗಿ ಕಳಿಸಿದೆ ಅಂತಿಟ್ಟುಕೊಳ್ಳಿ. ಮೊದಲ ಕಾಳಗ: 100ರಲ್ಲಿ 25 ಕಳೆದರೆ 75. ಅದರ ವರ್ಗಮೂಲ ಸುಮಾರು 8.7. ಎರಡನೆಯದು: 75ರಲ್ಲಿ 25 ಹೋಗಿ 50, ಅಂದರೆ ಸುಮಾರು 7 ಹಡಗು. ನನ್ನ ಹತ್ತೂ ಮಣ್ಣುಪಾಲು, ನಿಮ್ಮವು 7 ಉಳಿದವು. ಇದನ್ನು ಒಂದು ಸಲ ಕಂಡುಕೊಂಡ ಆಟಗಾರ ಮತ್ತೆಂದೂ ಪಡೆಯನ್ನು ಒಡೆಯುವುದಿಲ್ಲ. ಎಲ್ಲವನ್ನೂ ಒಂದೇ ಗುಂಪು ಮಾಡಿ ತಿರುಗಿಸುತ್ತಾನೆ. ಗೇಮರ್‌ಗಳು ಇದಕ್ಕೆ ಡೂಮ್‌ಸ್ಟ್ಯಾಕ್ ಅನ್ನುತ್ತಾರೆ.

ನಾನು ಮೊದಲು ಮಾಡಿದ ಮದ್ದು: ಒಮ್ಮೆಗೆ 6 ಹಡಗು ಮಾತ್ರ ಗುಂಡು ಹಾರಿಸಬಹುದು. ಕೆಟ್ಟ ಮದ್ದು. ಇಕ್ಕಟ್ಟಿನ ದಾರಿಯಲ್ಲಿ ಕೂತ ಸಣ್ಣ ಪಡೆಯನ್ನು ಕದಲಿಸಲು ಯಾರಿಗೂ ಆಗಲಿಲ್ಲ. ಒಂದು ಆಟ 3 ಗಂಟೆ ಹಾಗೇ ನಿಂತಿತು. ಕೆಲಸ ಮಾಡಿದ್ದು ಸರಬರಾಜಿನ ಮಿತಿ. ಒಂದು ನಕ್ಷತ್ರ 8 ಹಡಗುಗಳನ್ನು ಸಾಕಬಲ್ಲದು. 9ನೆಯದು ಬಂದರೆ ಎಲ್ಲ ಹಡಗುಗಳೂ ತಿಂಗಳು ತಿಂಗಳೂ ಸ್ವಲ್ಪ ಸ್ವಲ್ಪ ಸವೆಯುತ್ತವೆ. ಈಗ ದೊಡ್ಡ ಪಡೆಯವನು ಅಕ್ಕಪಕ್ಕದ ಎರಡು ಮೂರು ನಕ್ಷತ್ರಗಳಲ್ಲಿ ಹರಡಿಕೊಂಡು ಬರಬೇಕು, ದಾಳಿಯ ದಿನ ಮಾತ್ರ ಒಂದಾಗಬೇಕು. ಮತ್ತೆ ದಾರಿಗಳೇ ಮುಖ್ಯವಾದವು, ನೋಡಿ.

ಟೆಕ್ ಟ್ರೀ, ಅಂದರೆ ಆಟಗಾರ ಒಂದಾದ ಮೇಲೊಂದು ಕಲಿಯುವ ತಂತ್ರಜ್ಞಾನಗಳ ಸರಪಳಿ, ಅದರ ಬಗ್ಗೆ ಜಾಸ್ತಿ ಹೇಳಲ್ಲ. ಶುರುವಿಗೆ 12 ತಂತ್ರಜ್ಞಾನ ಸಾಕು. 'ಲೇಸರ್ ಶಕ್ತಿ 5 ಪರ್ಸೆಂಟ್ ಹೆಚ್ಚು' ಅನ್ನುವಂಥದ್ದನ್ನೆಲ್ಲ ಹರಿದು ಬಿಸಾಕಿ.

ಬೆಳವಣಿಗೆಯ ಲೆಕ್ಕದಲ್ಲಿ ಮಾತ್ರ ಹುಷಾರು. ಒಬ್ಬರ ಆದಾಯ ತಿರುವಿಗೆ (ಆಟದ ಒಂದು ಸರದಿಗೆ) 3 ಪರ್ಸೆಂಟ್ ಏರುತ್ತದೆ, ಇನ್ನೊಬ್ಬರದು 4. ಸಣ್ಣ ವ್ಯತ್ಯಾಸ ಅನ್ನಿಸುತ್ತದೆ. 100 ತಿರುವಿನ ನಂತರ ಮೊದಲಿನವರದು 19 ಪಟ್ಟು, ಎರಡನೆಯವರದು 50 ಪಟ್ಟು. ಆಮೇಲಿನ ಆಟ ಸುಮ್ನೆ ಕಾಟಾಚಾರ. ಇದನ್ನು ತಡೆಯಲು '10 ಗ್ರಹ ದಾಟಿದರೆ ಆದಾಯ ಕಡಿತ' ಅಂತ ನಿಯಮ ಹಾಕಿದೆ. ಎಲ್ಲರೂ 10ಕ್ಕೆ ನಿಲ್ಲಿಸಿ ಕೈಕಟ್ಟಿ ಕೂತರು! ದೊಡ್ಡವನಿಗೆ ದಂಡ ಹಾಕಬೇಡಿ, ಬೇರೆ ಥರದ ತಲೆನೋವು ಕೊಡಿ. ರಾಜಧಾನಿಯಿಂದ 6 ದಾರಿ ಆಚೆ ಇರುವ ಗ್ರಹಕ್ಕೆ ಒಬ್ಬ ಗವರ್ನರ್ ಬೇಕು. ಆ ಗವರ್ನರಿಗೂ ಒಂದು ಆಸೆ ಇರಬೇಕು. ನನ್ನ ಗೇಮಿನಲ್ಲಿ ಜನ ನೆನಪಿಟ್ಟುಕೊಂಡಿದ್ದು ಆ ಗವರ್ನರ್‌ಗಳನ್ನೇ.

ಒಂದು ತಾಂತ್ರಿಕ ವಿಷಯ. ನನ್ನ ಆಟದಲ್ಲಿ ಪ್ರತಿ ತಿಂಗಳ 1ನೇ ತಾರೀಕು ಸ್ಕ್ರೀನ್ ಗಕ್ಕನೆ ನಿಲ್ಲುತ್ತಿತ್ತು. ಎಲ್ಲ ಗ್ರಹಗಳ ಲೆಕ್ಕವನ್ನೂ ಆವತ್ತೇ ಮಾಡುತ್ತಿದ್ದೆ, ಅದಕ್ಕೆ. ಗ್ರಹದ ಸಂಖ್ಯೆಯನ್ನು 30ರಿಂದ ಭಾಗಿಸಿ, ಶೇಷಕ್ಕೆ 1 ಕೂಡಿಸಿದರೆ ಎಷ್ಟೋ ಆ ದಿನ ಅದರ ಲೆಕ್ಕ ಅಂತ ಹಂಚಿದೆ. ತೊಡಕು ಹೋಯಿತು.

ಕೊನೆಗೆ, ಮನುಷ್ಯರಿಗೆ ಕೊಡುವ ಮುಂಚೆ ಕಂಪ್ಯೂಟರ್ ಆಟಗಾರರನ್ನೇ ಒಬ್ಬರ ಮೇಲೊಬ್ಬರನ್ನು ಬಿಡಿ. ರಾತ್ರಿ ಮಲಗುವಾಗ 20 ಆಟ ಓಡಲು ಹಚ್ಚಿ, ಬೆಳಿಗ್ಗೆ ಲಾಗ್ (ಆಟದಲ್ಲಿ ನಡೆದದ್ದರ ದಾಖಲೆ) ನೋಡಿ. ಯಾರು ಗೆದ್ದರು ಅನ್ನುವುದಕ್ಕಿಂತ ಯಾರು ಏನೂ ಮಾಡಲಿಲ್ಲ ಅನ್ನುವುದನ್ನು ಹುಡುಕಿ. ಒಂದು ಬೆಳಿಗ್ಗೆ ನನಗೆ ಸಿಕ್ಕಿದ್ದು 200 ವರ್ಷ ಒಂದೇ ಗ್ರಹದಲ್ಲಿ ಕೂತಿದ್ದ ಸಾಮ್ರಾಜ್ಯ. ಅದರ ಎಐ ಕೆಟ್ಟಿದೆ ಅಂದುಕೊಂಡು ಎರಡು ದಿನ ಕೋಡ್ ಕೆದಕಿದೆ. ಆಮೇಲೆ ನಕ್ಷೆ ತೆಗೆದು ನೋಡಿದರೆ, ಅದರ ಮನೆಯಿಂದ ಹೊರಗೆ ಇದ್ದದ್ದು ಒಂದೇ ದಾರಿ. ಆ ದಾರಿಯಲ್ಲಿದ್ದ ನೆರೆಯವನು ಮೊದಲ ವರ್ಷವೇ ಗಡಿ ಮುಚ್ಚಿದ್ದ. ಜಗಳವಾಡುವಷ್ಟು ಹಡಗು ಕಟ್ಟಲು ಪಾಪ ಅದಕ್ಕೆ ಜಾಗವೇ ಇರಲಿಲ್ಲ. ಅವತ್ತಿನಿಂದ ನಕ್ಷೆ ಮಾಡುವ ಕೋಡಿನಲ್ಲಿ ಒಂದು ಸಾಲು ಜಾಸ್ತಿಯಾಗಿದೆ: ಶುರುವಿನ ಮನೆಗೆ ಕನಿಷ್ಠ ಎರಡು ಬಾಗಿಲು.