ಗಂಟೆ ಮೊದಲು, ಹೆಸರು ಆಮೇಲೆ: ಒಂದು ಕೊಲೆ ಕೇಸಿನ ಅನುಭವ

ಕೊಲೆ ಕೇಸಿನಲ್ಲಿ ಯಾವುದು ಎಷ್ಟು ಗಂಟೆಗೆ ನಡೆಯಿತು ಅನ್ನೋದು ಗಟ್ಟಿಯಾಗುವ ತನಕ ಯಾರನ್ನೂ ಆರೋಪಿ ಅಂತ ಬರೆಯಬೇಡಿ ಅಂತ ನಾನು ಅಂದಾಗ ತನಿಖೆಯಲ್ಲಿದ್ದ ಜೊತೆಯವರು ಯಾರೂ ಒಪ್ಪಿರಲಿಲ್ಲ. ಈಗ ಸೆಷನ್ಸ್ ಕೋರ್ಟಿನಲ್ಲಿ ಜೀವಾವಧಿ ಆಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ತೋಟದ ಮನೆಯಲ್ಲಿ ಒಂಟಿ ಮುದುಕನ ಕೊಲೆ. ಅಳಿಯನ ಜೊತೆ ಜಮೀನಿನ ತಕರಾರು ಇತ್ತು. ಮೇಲಿನಿಂದ ಬಂದ ಪತ್ತೆದಾರರು ಶವ ಮಹಜರು ಮುಗಿಯುವ ಮೊದಲೇ ‘ಅಳಿಯನೇ, ಎತ್ತಾಕ್ಕೊಂಡು ಬನ್ರಿ’ ಅಂದರು. ರಾತ್ರಿ ಹತ್ತಕ್ಕೆ ಅಂಗಳದ ಬಲ್ಬಿನ ಬೆಳಕಲ್ಲಿ ಅಳಿಯ ಓಡಿದ್ದನ್ನು ಕಣ್ಣಾರೆ ಕಂಡೆ ಅಂತ ಪಕ್ಕದ ತೋಟದವನೂ ಹೇಳಿದ. ಇನ್ನೇನು ಬೇಕು, ಅಲ್ವಾ?

ನನ್ನ ಹತ್ತಿರ ಇದ್ದಿದ್ದು ಇನ್ನೂರು ಪುಟದ ನೋಟ್‌ಬುಕ್. ಎಡಗಡೆ ಜನ ಹೇಳಿದ ಗಂಟೆ. ಬಲಗಡೆ ಅದಕ್ಕೆ ಕಾಗದದ ಆಧಾರ: ಬಸ್ ಟಿಕೆಟ್, ಡೇರಿ ಚೀಟಿ, ಸಿಡಿಆರ್ (ಫೋನ್ ಕರೆಗಳ ದಾಖಲೆ). ಸಬ್‌ಸ್ಟೇಷನ್ ಲಾಗ್ ಬುಕ್ ತರಿಸಿದೆ. ಆ ತೋಟದ ಕಡೆಯ ಫೀಡರ್, ಅಂದ್ರೆ ಕರೆಂಟ್ ಲೈನು, ರಾತ್ರಿ ಒಂಬತ್ತೂವರೆಗೆ ಹೋಗಿದ್ದು, ಹನ್ನೊಂದು ದಾಟಿದ ಮೇಲೇ ಬಂದಿದೆ. ಬಲ್ಬೇ ಉರಿದಿಲ್ಲ! ಪಂಚಾಂಗ ನೋಡಿದರೆ ಅಮಾವಾಸ್ಯೆಗೆ ಎರಡೇ ದಿನ.

ಮುಂದಿನ ತಿಂಗಳು ಅಂಥದ್ದೇ ಕತ್ತಲಲ್ಲಿ ನಮ್ಮ ಹುಡುಗರನ್ನು ಅದೇ ಅಂಗಳದಲ್ಲಿ ಓಡಿಸಿದೆ. ಹತ್ತು ಹೆಜ್ಜೆಗೆ ಗಂಡೋ ಹೆಣ್ಣೋ ಗೊತ್ತಾಗಲಿಲ್ಲ. ಹುಣ್ಣಿಮೆಗೂ ಮಾಡಿಸಿದೆ, ಇಪ್ಪತ್ತು ಹೆಜ್ಜೆಗೂ ನಡಿಗೆಯಿಂದಲೇ ಗುರುತು ಸಿಕ್ಕಿತು. ಕೇಸಿಗೆ ಹುಣ್ಣಿಮೆ ಬೇಕಿರಲಿಲ್ಲ, ಸುಮ್ನೆ ನನ್ನ ಸಮಾಧಾನಕ್ಕೆ.

ಹಾಗಾದರೆ ಪಕ್ಕದ ತೋಟದವನು ಸುಳ್ಳು ಯಾಕೆ ಹೇಳಿದ? ಅವನ ಡೇರಿ ಚೀಟಿ ತೆಗೆಸಿದೆ. ದಿನಾ ಆರೂಕಾಲಿಗೆ ಹಾಲು ಹಾಕುವವನು ಅವತ್ತು ಬಂದಿದ್ದು ಏಳೂವರೆಗೆ. ಹಾಲೂ ಅರ್ಧಕ್ಕರ್ಧ ಕಮ್ಮಿ. ಕೂರಿಸಿ ಏನನ್ನು ಯಾವ ಕ್ರಮದಲ್ಲಿ ಕೇಳಿದೆ ಅನ್ನೋದನ್ನು ಇಲ್ಲಿ ಬಿಡಿಸಿ ಹೇಳೋದಿಲ್ಲ. ಬಡ್ಡಿ ಸಾಲದ ಜಗಳ ಹೊರಬಂತು. ಅವನೇ ತೋರಿಸಿದ ಬಣವೆಯಲ್ಲಿ ಮಚ್ಚು ಸಿಕ್ಕಿತು. ಆಗಿನ್ನೂ ಹಳೇ ಎವಿಡೆನ್ಸ್ ಆಕ್ಟ್, ಪೊಲೀಸರ ವಶದಲ್ಲಿರುವ ಆರೋಪಿಯ ಹೇಳಿಕೆಯಿಂದ ವಸ್ತು ಸಿಕ್ಕರೆ ಆ ಮಟ್ಟಿಗೆ ಹೇಳಿಕೆಯನ್ನು ಒಪ್ಪುವ 27ನೇ ಸೆಕ್ಷನ್ನಿನ ಕೆಳಗೆ ಅದು ನಿಂತಿತು. ಬೆಂಗಳೂರು ಮಡಿವಾಳದ ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿಯೂ ಕೂಡಿಬಂತು.

ಇದಕ್ಕೆ ಮೊದಲು ಒಂದು ಲಾಡ್ಜ್ ಕೇಸಿನಲ್ಲಿ ಇದೇ ನೋಟ್‌ಬುಕ್ ಕೈಕೊಟ್ಟಿತ್ತು. ಲಾಡ್ಜಿನ ಡಿವಿಆರ್, ಅಂದ್ರೆ ಸಿಸಿಟಿವಿ ರೆಕಾರ್ಡರ್, ಅದರ ಗಡಿಯಾರ ಇಪ್ಪತ್ತು ನಿಮಿಷ ಮುಂದಿತ್ತು. ವಕೀಲರು ಅದನ್ನೇ ಹಿಡಿದು ಜಾಲಾಡಿದರು, ಕೇಸು ಬಿತ್ತು. ಈಗ ಡಿವಿಆರ್ ಸಮಯ, ಮೊಬೈಲ್ ಸಮಯ ಎರಡನ್ನೂ ಒಂದೇ ಫೋಟೋದಲ್ಲಿ ಹಿಡಿದು ಮಹಜರಿನಲ್ಲಿ ಬರೆಸುತ್ತೇನೆ.

ತಡಮಾಡಿದರೆ ಆರೋಪಿ ಓಡಿಹೋಗ್ತಾನೆ ಅನ್ನುವವರು ಕುಶಾಲನಗರ ಕಡೆಯ ಕೇಸನ್ನು ನೆನಪಿಸಿಕೊಳ್ಳಲಿ. ಎಲ್ಲೋ ಸಿಕ್ಕ ಅಸ್ಥಿಪಂಜರ ಹೆಂಡತಿಯದೇ ಅಂತ ಗಂಡನನ್ನು ಒಂದೂವರೆ ವರ್ಷ ಜೈಲಲ್ಲಿ ಇಟ್ಟರು. 2025ರ ಏಪ್ರಿಲ್‌ನಲ್ಲಿ ಆಕೆ ಮಡಿಕೇರಿಯ ಹೋಟೆಲಿನಲ್ಲಿ ಜೀವಂತ ಸಿಕ್ಕಳು. ನಮ್ಮ ಕೇಸಿನ ಅಳಿಯನಿಗೂ ಇದೇ ಗತಿ ಆಗುತ್ತಿತ್ತು.

ಡೀಸೆಲ್, ಜೆರಾಕ್ಸ್, ಹುಡುಗರ ಊಟ ಅಂತ ಕೈಯಿಂದ ಎಂಟೊಂಬತ್ತು ಸಾವಿರ ಹೋಯಿತು, ವಾಪಸ್ ಬಂದಿದ್ದು ಮೂರನೇ ಒಂದು ಪಾಲು. ಈ ಪದ್ಧತಿ ಹಿಡಿಯುವವರು ಲಾಗ್ ಬುಕ್ಕಿನ ನಕಲಿಗೆ ಮೊದಲ ದಿನವೇ ಪತ್ರ ಕೊಡಿ, ಆಮೇಲೆ ಓಡಾಟದ ಖರ್ಚು ಜಾಸ್ತಿ.